ದೋಣಿಯ ಬೆನ್ನ ಮೇಲಿನ ಅಕ್ಷರ: ಹೊಟ್ಟೆ ಮುಚ್ಚದ ‘ಜಿ’

“ನಿನ್ನ ಮೊಟ್ಟೆಗಳು ಬೇರೆ ಬೇರೆ ಇವೆ ಕಣೋ ವೆಂಡೆಲ್,” ಅಂದಳು ಆರ್ಡಿತ್.

ನನ್ನ ಅಚ್ಚುಕೂಟದ ಉದ್ದ ಮೇಜಿನ ಮೇಲೆ ಎರಡು ಭಿತ್ತಿಪತ್ರ ಹಾಸಿಕೊಂಡು ಅವಳು ಬಗ್ಗಿ ನಿಂತಿದ್ದಳು. ಎರಡೂ ನಾನೇ ಅಚ್ಚು ಹಾಕಿದ್ದು. ನಮ್ಮೂರ ಅಗ್ನಿಶಾಮಕ ದಳದವರು ಭಾನುವಾರ ಬೆಳಗ್ಗೆ ನಡೆಸುವ ತಿಂಡಿಯ ಪ್ರಚಾರ: ಸಾಸೇಜು, ಮೊಟ್ಟೆ, ಪ್ಯಾನ್‌ಕೇಕು. ಒಂದು ಫೆಬ್ರವರಿಯದು, ಇನ್ನೊಂದು ಮೇ ತಿಂಗಳದು.

“ಬೇರೆ ಹೇಗಾಗುತ್ತೆ? ಫೆಬ್ರವರೀದನ್ನೇ ತಗೊಂಡು ತಾರೀಕು ಬದಲಾಯಿಸಿದ್ದು ನಾನು.”

“ಇಂಗ್ಲಿಷಿನ ಎಗ್ಸ್ ಅನ್ನೋದ್ರಲ್ಲಿ ಎರಡು ಸಣ್ಣ ‘ಜಿ’ ಇದೆಯಲ್ಲ, ಅದರ ಹೊಟ್ಟೆ ನೋಡು.” ಅವಳು ಭೂತಕನ್ನಡಿಯನ್ನು ನನ್ನ ಕಡೆ ತಳ್ಳಿದಳು.

ನೋಡಿದೆ. ಫೆಬ್ರವರಿಯ ‘ಜಿ’ ಕೆಳಗಿನ ಹೊಟ್ಟೆಯನ್ನು ಪೂರ್ತಿ ಮುಚ್ಚಿಕೊಂಡಿತ್ತು, ಗುಂಡಿ ಹಾಕಿದ ಕೋಟಿನ ಹಾಗೆ. ಮೇ ತಿಂಗಳದ್ದು ಮುಚ್ಚಿರಲಿಲ್ಲ. ಎಡಗಡೆ ಒಂದು ಅಕ್ಕಿಕಾಳಿನಷ್ಟು ಸಂದು ಬಿಟ್ಟು, ಕುಂಚ ಗಾಳಿಗೆ ಎದ್ದುಹೋದಂತಿತ್ತು.

ಕೆಲಸ ಮಾಡಿದ ನನಗೇ ಅದು ಕಂಡಿರಲಿಲ್ಲ. ಮೂವತ್ತು ವರ್ಷದಿಂದ ಅಕ್ಷರ ಅಚ್ಚು ಹಾಕಿಯೇ ಅನ್ನ ತಿನ್ನುವವನು ನಾನು. ಸ್ವಲ್ಪ ನಾಚಿಕೆಯಾಯಿತು.

ನಮ್ಮೂರು ಟ್ಯಾನರ್ಸ್ ಕೋವಿನ ದೋಣಿಗಳ ಮೇಲೆ ಹೆಸರು ಬರೆಯುತ್ತಿದ್ದ ಡೆಲ್ಫಿನ್ ಸುರೆಟ್ ಮೂವತ್ತೊಂದು ವರ್ಷದ ಹಿಂದೆ ಒಂದು ಬೆಳಗ್ಗೆ ಒಬ್ಬಳೇ ದೋಣಿ ಹತ್ತಿ ಹೋದವಳು ಮರಳಲಿಲ್ಲ, ಖಾಲಿ ದೋಣಿ ಮಾತ್ರ ಸಿಕ್ಕಿತು. ಈಗ ಅವಳ ಕೈಬರಹವೇ ‘ಸ್ಲಿಪ್‌ವೇ’ ಅನ್ನುವ ಫಾಂಟ್ ಆಗಿ ಇಂಟರ್ನೆಟ್ ತುಂಬ ಓಡಾಡುತ್ತಿದೆ, ಅದು ಎಲ್ಲಿಂದ ಬಂತೆಂದು ಪತ್ತೆ ಮಾಡಿಕೊಡಿ ಎಂದು ಅವಳ ಅಕ್ಕ ರೋಸಲಿ ನಮ್ಮನ್ನು ಕೇಳಿ ಮೂರು ವಾರವಾಗಿದೆ.

ಓಡಾಡುತ್ತಿದೆ ಅಂದರೆ ಎಲ್ಲಿ ನೋಡಿದರೂ ಅದೇ. ಬೇಕರಿ ಫಲಕ, ಮದುವೆ ಕರೆಯೋಲೆ, ಚುನಾವಣೆಯ ಪೋಸ್ಟರು. ಮಲಗಿದ ಬೆಕ್ಕಿನ ಫೋಟೋ ಹಾಕಿ, ಅದರ ಬೆನ್ನ ಮೇಲೆ ದೋಣಿಗೆ ಹೆಸರು ಬರೆದಂತೆ ‘ಸೋಮವಾರ ಬೇಡ’ ಎಂದೋ ‘ಶ್ರೀಮತಿ ಸೋಮಾರಿ’ ಎಂದೋ ಬರೆದು ಹಂಚುವುದು ಈ ವರ್ಷದ ಹುಚ್ಚು. ನನ್ನ ತಂಗಿಯ ಮಗಳು ದಿನಕ್ಕೆ ನಾಲ್ಕು ಕಳಿಸುತ್ತಾಳೆ.

“ಫಾಂಟ್ ಮಾಡಿದವನು ನಡುವೆ ಅದನ್ನ ತಿದ್ದಿದಾನೆ,” ಅಂದೆ. “ನನ್ನ ಕಂಪ್ಯೂಟರು ತಾನೇ ಹೊಸದನ್ನ ಇಳಿಸಿಕೊಂಡಿದೆ. ಅದೇನು ದೊಡ್ಡ ವಿಷಯ? ಎಲ್ಲರೂ ತಿದ್ತಾರೆ.”

“ಎಲ್ಲರೂ ತಿದ್ದೋದು ಅಂದವಾಗಿ ಕಾಣ್ಲಿ ಅಂತ. ಇವನು ಅಂದವಾಗಿದ್ದನ್ನ ಹರಿದು ಹಾಕಿದಾನೆ.” ಆರ್ಡಿತ್ ತನ್ನ ಚೀಲದಿಂದ ಫೋನ್ ತೆಗೆದು ಒಂದು ಫೋಟೋ ತೋರಿಸಿದಳು. “ಇದು ರೋಸಲಿ ಅಡುಗೆಮನೇದು. ಮೊನ್ನೆ ಟೀ ಕುಡಿಯೋವಾಗ ತೆಗೆದೆ.”

ಎರಡು ತಗಡಿನ ಡಬ್ಬಿ. ಒಂದರ ಮೇಲೆ ಶುಂಠಿ ಎಂದು, ಇನ್ನೊಂದರ ಮೇಲೆ ಜಾಯಿಕಾಯಿ ಎಂದು ಇಂಗ್ಲಿಷಿನಲ್ಲಿ ನೀಲಿ ಬಣ್ಣದಿಂದ ಬರೆದಿತ್ತು. ಡೆಲ್ಫಿನ್ ಬರೆದದ್ದು. ಎರಡು ಪದದಲ್ಲೂ ಸಣ್ಣ ‘ಜಿ’ ಇತ್ತು. ಎಲ್ಲದರ ಹೊಟ್ಟೆಯೂ ಎಡಗಡೆ ತೆರೆದಿತ್ತು.

ನಾನು ಭೂತಕನ್ನಡಿಯನ್ನು ಮತ್ತೆ ಮೇ ತಿಂಗಳ ‘ಜಿ’ ಮೇಲೆ ಹಿಡಿದೆ.

“ಈಗ ಹೇಳು,” ಅಂದಳು ಅವಳು. “ದೋಣಿ ಹೆಸರನ್ನ ಯಾವ ಅಕ್ಷರದಲ್ಲಿ ಬರೀತಾರೆ?”

“ದೊಡ್ಡಕ್ಷರ. ಎಲ್ಲಾ ದೊಡ್ಡಕ್ಷರ.”

“ಹಾಗಾದ್ರೆ ಊರಲ್ಲಿರೋ ಅಷ್ಟೂ ದೋಣಿ ಫೋಟೋ ತೆಗೆದ್ರೂ ಅವಳ ಸಣ್ಣ ‘ಜಿ’ ಒಂದೂ ಸಿಗಲ್ಲ. ಅದು ಇರೋದು ರೋಸಲಿ ಮನೆ ಡಬ್ಬಿ ಮೇಲೆ ಮಾತ್ರ. ಫೆಬ್ರವರೀಲಿ ಗೊತ್ತಿಲ್ಲದ್ದು ಮೇ ತಿಂಗಳಿಗೆ ಆ ಫಾಂಟ್ ಹುಡುಗನಿಗೆ ಹೇಗೆ ಗೊತ್ತಾಯ್ತು?”

ಆರ್ಡಿತ್ ಕಾರ್ಕಮ್ ಇಪ್ಪತ್ತಾರು ವರ್ಷ ಪೊಲೀಸ್ ಪ್ರಯೋಗಾಲಯದಲ್ಲಿ ಕಳ್ಳ ಸಹಿ ಹಿಡಿದವಳು. ನಿವೃತ್ತಿಯಾದ ಮೇಲೆ ಟೊಮೇಟೊ ಬೆಳೆಯುತ್ತೇನೆಂದು ನಮ್ಮೂರಿಗೆ ಬಂದಳು. ಟೊಮೇಟೊ ಕೈಕೊಟ್ಟಿತು, ನಮ್ಮ ಪುಣ್ಯ. ಇಂಥ ಪ್ರಶ್ನೆ ಕೇಳುವಾಗ ಅವಳ ಮುಖದಲ್ಲಿ ಹೊಸದಾಗಿ ಬೆಂದ ಬ್ರೆಡ್ಡಿನ ವಾಸನೆ ಹಿಡಿದವಳ ಕಳೆ ಬರುತ್ತದೆ.

“ಟೋಪಿ ಹಾಕ್ಕೊ,” ಅಂದಳು. “ಹ್ಯಾಲಿಫ್ಯಾಕ್ಸಿಗೆ ಹೋಗೋಣ.”

* * *

ದಾರಿಯಲ್ಲಿ ಮಂಜು ಕರಗಿ ಜೂನ್ ತಿಂಗಳ ಬಿಸಿಲು ಬಿದ್ದಿತ್ತು. ರಸ್ತೆಯ ಎರಡೂ ಕಡೆ ಲುಪಿನ್ ಹೂ ನೇರಳೆಯಾಗಿ ನಿಂತಿತ್ತು. ಏಡಿಯ ಹಂಗಾಮು ಮುಗಿದು ಹದಿನೈದು ದಿನ. ಅಂಗಳಗಳಲ್ಲಿ ಬಲೆಪೆಟ್ಟಿಗೆಗಳ ಗೋಡೆ. ಆರ್ಡಿತ್ ಓಟ್‌ಕೇಕ್ ಮುರಿದು ಅರ್ಧ ನನ್ನ ಕೈಗಿಟ್ಟಳು.

“ಬರ್ಟನ್ ಮೇಲೆ ಇನ್ನೂ ಅನುಮಾನ ಇದೆಯಾ ನಿನಗೆ?” ಅಂತ ಕೇಳಿದೆ.

ಬರ್ಟನ್ ಹಿಮಲ್‌ಮನ್ ದೋಣಿ ಕಟ್ಟುವವನು. ಡೆಲ್ಫಿನ್ ಕಾಣೆಯಾದಾಗ ಅವಳ ಬಣ್ಣದ ಡಬ್ಬಿಗಳೆಲ್ಲ ಅವನ ಕೊಟ್ಟಿಗೆಯಲ್ಲೇ ಇದ್ದವು. ಕಳೆದ ವಾರ ನಾವು ಹೋದಾಗ ಅವನು ಬಾಗಿಲಲ್ಲೇ ನಿಂತು ಮಾತಾಡಿದ್ದ, ಒಳಗೆ ಕರೆದಿರಲಿಲ್ಲ.

“ಬರ್ಟನ್ ಏನೋ ಬಚ್ಚಿಡ್ತಿದಾನೆ. ಆದ್ರೆ ಈ ‘ಜಿ’ಯನ್ನಲ್ಲ. ಅವನು ಬಲಗೈಯವನು.”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ನೀನು ಓಡಿಸು. ಅಲ್ಲಿ ತೋರಿಸ್ತೀನಿ.”

* * *

ಸ್ಲಿಪ್‌ವೇ ಫಾಂಟ್ ಮಾಡಿದ ನೋಲನ್ ರಾಫ್ಯೂಸನ ಕೆಲಸದ ಕೋಣೆ ಅಗ್ರಿಕೋಲಾ ಬೀದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲೆ. ಮೂವತ್ತಮೂರು ವರ್ಷ, ಉದ್ದ ಮನುಷ್ಯ, ಮೊಣಕೈ ತೂತಾದ ಸ್ವೆಟರ್. ಶುಕ್ರವಾರ ಟೊರೊಂಟೋದಲ್ಲಿ ಅವನಿಗೆ ವಿನ್ಯಾಸಕಾರರ ಸಂಘದ ವರ್ಷದ ಬಹುಮಾನ. ಸೂಟ್‌ಕೇಸ್ ಆಗಲೇ ಬಾಗಿಲ ಪಕ್ಕದಲ್ಲಿತ್ತು.

ಬಹುಮಾನದ ಸುದ್ದಿ ಬಂದಾಗಿನಿಂದ ಇಂಟರ್ನೆಟ್‌ನಲ್ಲಿ ಅವನ ಹೆಸರಿಗೆ ಎರಡು ಪಂಗಡ. ಸತ್ತವಳ ಅಕ್ಷರ ಕದ್ದಿದ್ದಾನೆ ಎನ್ನುವವರು ಒಂದು ಕಡೆ. ಯಂತ್ರದ ಕೈಲಿ ಬರೆಸಿ ತನ್ನದೆಂದು ಹೇಳಿಕೊಳ್ಳುತ್ತಿದ್ದಾನೆ ಎನ್ನುವವರು ಇನ್ನೊಂದು ಕಡೆ. ಅವನು ಎರಡಕ್ಕೂ ಉತ್ತರ ಕೊಟ್ಟಿರಲಿಲ್ಲ.

ನಮ್ಮನ್ನು ಕಂಡು ಅವನು ನಗಲು ನೋಡಿದ. “ಮಿಸೆಸ್ ಕಾರ್ಕಮ್, ಫೋನಲ್ಲೇ ಹೇಳಿದ್ನಲ್ಲ. ಹಳೇ ದೋಣಿಗಳ ಫೋಟೋ ನೋಡಿ ಬರೆದದ್ದು. ನಮ್ಮಜ್ಜ ಇದ್ದದ್ದೇ ದೋಣಿ ಕಟ್ಟೆ ಮೇಲೆ. ಚಿಕ್ಕಂದಿನಿಂದ ನೋಡಿದ ಅಕ್ಷರ ಅದು.”

“ಎಷ್ಟು ದೋಣಿ?”

“ಹದಿನಾಲ್ಕು.”

“ಒಳ್ಳೇ ಕೆಲಸ ಮಾಡಿದೀಯ,” ಅಂದಳು ಆರ್ಡಿತ್. ಅವಳು ಅದನ್ನು ಮನಸಾರೆಯೇ ಹೇಳಿದಳು. ಗೋಡೆಯ ಮೇಲೆ ಆ ಹದಿನಾಲ್ಕು ದೋಣಿಗಳ ಬೆನ್ನಿನ ಚಿತ್ರಗಳಿದ್ದವು. ಬಿರಿದ ಬಣ್ಣ, ಉಪ್ಪು ತಿಂದ ಹಲಗೆ, ಅದರ ಮೇಲೆ ಡೆಲ್ಫಿನ್‌ಳ ದೊಡ್ಡಕ್ಷರ. ಒಂದು ದೋಣಿ ನಮ್ಮಪ್ಪನದು. ಆ ಚಿತ್ರದ ಹತ್ತಿರ ಹೋಗಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದೆ.

ಆರ್ಡಿತ್ ಚೀಲದಿಂದ ಒಂದು ಚಪ್ಪಟೆ ಕುಂಚ, ಸಣ್ಣ ಶೀಶೆಯಲ್ಲಿ ಕಪ್ಪು ಬಣ್ಣ, ಒಂದು ದಪ್ಪ ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

“ಒಂದು ಸಣ್ಣ ‘ಜಿ’ ಬರಿ.”

“ಈಗಲಾ?”

“ನಿನ್ನದೇ ಫಾಂಟು. ಅದರ ಪುಟದ ಮೇಲೆ ‘ಪ್ರತಿಯೊಂದು ಅಕ್ಷರವೂ ನನ್ನ ಕೈಯಿಂದ ಬರೆದದ್ದು’ ಅಂತ ನೀನೇ ಹಾಕಿದೀಯ. ಒಂದು ನಿಮಿಷದ ಕೆಲಸ.”

ನೋಲನ್ ಕುಂಚ ತೆಗೆದುಕೊಂಡ. ಬಲಗೈಯಲ್ಲಿ. ಮೇಲಿನ ಸೊನ್ನೆ ಚೆನ್ನಾಗಿ ಬಂತು, ಕಂಬವೂ ಬಂತು. ಕೆಳಗಿನ ಹೊಟ್ಟೆಗೆ ಬಂದಾಗ ಎಡಗಡೆಯಿಂದ ಹಿಡಿದು ಬಲಕ್ಕೆ ಎಳೆದ. ಕುಂಚ ಕಂಬಕ್ಕೆ ತಾಗಿ ನಿಂತಿತು.

“ವೆಂಡೆಲ್, ಬಾ ಇಲ್ಲಿ. ಬಣ್ಣ ಎಲ್ಲಿ ದಪ್ಪ ಇದೆ?”

“ಎಡಗಡೆ.”

“ಎಲ್ಲಿ ತೆಳು?”

“ಬಲಗಡೆ.”

“ಕುಂಚ ಇಟ್ಟ ಕಡೆ ಬಣ್ಣ ದಪ್ಪ, ಎತ್ತಿದ ಕಡೆ ತೆಳು. ಬಲಗೈಯವರು ಹೀಗೇ ಎಳೆಯೋದು.” ಆರ್ಡಿತ್ ಮೇ ತಿಂಗಳ ಭಿತ್ತಿಪತ್ರವನ್ನು ಪಕ್ಕದಲ್ಲಿ ಬಿಡಿಸಿಟ್ಟಳು. “ಇದರಲ್ಲಿ ಬಲಗಡೆ ದಪ್ಪ. ಅಲ್ಲಿಂದ ಎಡಕ್ಕೆ ಹೋಗಿ, ಸುತ್ತು ಪೂರ್ತಿ ಆಗೋ ಮೊದಲೇ ಕುಂಚ ಎತ್ತಿದಾರೆ. ಬರೆದದ್ದು ಎಡಗೈ. ಡೆಲ್ಫಿನ್ ಎಡಚಿ, ಊರಿಗೆಲ್ಲ ಗೊತ್ತು.”

ನೋಲನ್ ಬಗ್ಗಿ ಎರಡೂ ‘ಜಿ’ಗಳನ್ನು ಹೋಲಿಸಿ ನೋಡಿದ. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ಬರುತ್ತಿತ್ತು.

“ಫೆಬ್ರವರೀದು ಇನ್ನೊಂದು ಥರ,” ಅಂತ ಆರ್ಡಿತ್ ಮುಂದುವರಿಸಿದಳು. “ಅದರಲ್ಲಿ ದಪ್ಪಾನೂ ಇಲ್ಲ, ತೆಳುವೂ ಇಲ್ಲ. ಎಡಗೈದೂ ಅಲ್ಲ, ಬಲಗೈದೂ ಅಲ್ಲ. ಅದು ಕೈಯೇ ಅಲ್ಲ. ಅಲ್ವಾ ನೋಲನ್?”

ಅವನು ಕುಂಚವನ್ನು ಮೆಲ್ಲನೆ ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತ. ಕಿವಿ ಕೆಂಪಾಗಿದ್ದವು.

“ದೊಡ್ಡಕ್ಷರ ಅಷ್ಟೂ ನಾನೇ ಬರೆದದ್ದು,” ಅಂದ. “ಎರಡು ವರ್ಷ ಹಿಡೀತು. ಒಂದೊಂದು ಅಕ್ಷರ ನೂರು ಸಲ. ಅದನ್ನ ಯಾರೂ ಕೇಳಲ್ಲ. ಸಣ್ಣಕ್ಷರ ಇಲ್ಲದೆ ಫಾಂಟ್ ಯಾರಿಗೂ ಬೇಡ. ಅವಳ ಸಣ್ಣಕ್ಷರ ಎಲ್ಲೂ ಸಿಗಲಿಲ್ಲ. ಆಗ ಒಂದು ಹೊಸ ಸಾಫ್ಟ್‌ವೇರ್ ಬಂತು. ಇರೋ ಅಕ್ಷರ ಕೊಟ್ರೆ ಇಲ್ಲದ್ದನ್ನ ಊಹಿಸಿ ಕೊಡುತ್ತೆ. ಕೊಟ್ಟೆ. ಐದು ನಿಮಿಷ.”

“ಐದು ನಿಮಿಷಕ್ಕೆ ಇಪ್ಪತ್ತಾರು ಅಕ್ಷರ,” ಅಂದೆ ನಾನು. ಬೈಯಬೇಕೆಂದುಕೊಂಡಿದ್ದೆ, ಆದರೆ ದನಿಯಲ್ಲಿ ಆಸೆಯೇ ಬಂತು. ಆರ್ಡಿತ್ ನನ್ನತ್ತ ಕಣ್ಣು ಬಿಟ್ಟಳು.

“ಚೆನ್ನಾಗೇ ಇತ್ತು,” ಅಂದ ನೋಲನ್. “ಯಾರಿಗೂ ಗೊತ್ತಾಗಲಿಲ್ಲ. ಲಕ್ಷ ಜನ ಇಳಿಸ್ಕೊಂಡ್ರು. ‘ಆಹಾ, ಮನುಷ್ಯನ ಕೈಯ ಬಿಸುಪು’ ಅಂತ ಹೊಗಳಿದ್ರು. ಹೊಗಳಿದ್ದು ಯಂತ್ರದ ಸಣ್ಣಕ್ಷರವನ್ನೇ. ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.”

“ಸರಿ. ಮೇ ತಿಂಗಳ ‘ಜಿ’ ಯಾರದು?”

ಅವನು ಕಂಪ್ಯೂಟರಿನ ಕಡೆ ತಿರುಗಿದ. ಹಿಂದೆ ಮುಂದೆ ನೋಡಿದ. ಆಮೇಲೆ ಫಾಂಟಿನ ಪುಟ ತೆರೆದು, ಬಳಸಿದವರು ಅಭಿಪ್ರಾಯ ಬರೆಯುವ ಜಾಗದಲ್ಲಿ ಕೆಳಕ್ಕೆ, ಇನ್ನೂ ಕೆಳಕ್ಕೆ ಹೋದ. ಸಾವಿರಾರು ಮಾತು. ಹೊಗಳಿಕೆ, ಜಗಳ, ಬೆಕ್ಕು.

ಏಪ್ರಿಲ್ ಎರಡನೇ ತಾರೀಕಿನ ಒಂದು ಬರಹದ ಮೇಲೆ ನಿಂತ. ಬರೆದವರ ಹೆಸರಿನ ಜಾಗದಲ್ಲಿ ‘ಹಳೇಕುಂಚ’ ಎಂದಷ್ಟೇ ಇತ್ತು.

ಆರ್ಡಿತ್ ಗಟ್ಟಿಯಾಗಿ ಓದಿದಳು. “‘ದೊಡ್ಡ ಅಕ್ಷರ ಪರವಾಗಿಲ್ಲ. ಆರ್ ಅಕ್ಷರದ ಕಾಲು ತುಸು ನೆಟ್ಟಗಿದೆ, ಇರಲಿ. ಸಣ್ಣ ಜಿ ಮಾತ್ರ ತಪ್ಪು. ಹೊಟ್ಟೆ ಮುಚ್ಚಬಾರದು. ಮುಚ್ಚಿದರೆ ಮಳೆನೀರು ನಿಂತು ಬಣ್ಣ ಏಳುತ್ತದೆ. ಹೀಗೆ ಬರೆಯಬೇಕು.’”

ಅದರ ಕೆಳಗೆ ಒಂದು ಫೋಟೋ. ಮಾಡಿಗೆ ಹೊದಿಸುವಂಥ ಒಂದು ತೆಳು ಮರದ ಹಲಗೆ, ಅದರ ಮೇಲೆ ಹಸಿರು ಬಣ್ಣದಲ್ಲಿ ಒಂದು ಸಣ್ಣ ‘ಜಿ’. ಹೊಟ್ಟೆ ಎಡಗಡೆ ತೆರೆದಿತ್ತು. ಬಣ್ಣದ ಮೇಲೆ ಕಿಟಕಿಯ ಬೆಳಕು ಹೊಳೆಯುತ್ತಿತ್ತು.

“ಬಣ್ಣ ಹಸಿ ಇದೆ,” ಅಂದೆ. 

“ಹಸಿ ಇದೆ,” ಅಂದಳು ಆರ್ಡಿತ್. ಅವಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಹಾಗೇ ಎರಡು ಮೂರು ನಿಮಿಷ ನೋಡಿದಳು.  “ಬಲದಿಂದ ಎಡಕ್ಕೆ. ಕುಂಚ ಎತ್ತಿದ ರೀತಿ ಡಬ್ಬಿ ಮೇಲಿದ್ದಂತೇ ಇದೆ. ಒಂದೇ ಒಂದು ವ್ಯತ್ಯಾಸ. ಇಲ್ಲಿ, ಕಂಬದ ನಡುವೆ ನೋಡಿ. ಗೆರೆ ಸ್ವಲ್ಪ ನಡುಗಿದೆ.”

“ನಕಲು ಮಾಡುವವರಿಗೂ ಕೈ ನಡುಗುತ್ತಲ್ಲ?” ಅಂತ ಕೇಳಿದ ನೋಲನ್.

“ನಕಲು ಮಾಡೋರು ತಿರುವಿನಲ್ಲಿ ನಡುಗ್ತಾರೆ. ಮುಂದೆ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿರಲ್ಲ ಅವರಿಗೆ. ಇದು ತಿರುವಿನಲ್ಲಿ ಗಟ್ಟಿಯಾಗಿದೆ, ನೇರ ಗೆರೆಯಲ್ಲಿ ನಡುಗಿದೆ. ದಾರಿ ಗೊತ್ತಿರೋ ಕೈ. ವಯಸ್ಸಾಗಿದೆ ಅಷ್ಟೆ.” ಅವಳು ನೆಟ್ಟಗಾದಳು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದಳು. “ಇಪ್ಪತ್ತಾರು ವರ್ಷದಲ್ಲಿ ನಾನು ನೋಡಿದ್ದೆಲ್ಲ ಸುಳ್ಳು ಬರಹ. ನಿಜವಾದ್ದನ್ನ ನೋಡಿದ್ರೆ ಇಷ್ಟು ಹಿತವಾಗಿರುತ್ತೆ ಅಂತ ಗೊತ್ತಿರಲಿಲ್ಲ.”

“ಬದುಕಿದಾಳಾ?” ಅಂದೆ.

“ಏಪ್ರಿಲ್ ಎರಡನೇ ತಾರೀಕು ಯಾರೋ ಒಬ್ಬರು ಕುಂಚ ಹಿಡಿದಿದ್ರು. ಅಷ್ಟು ಮಾತ್ರ ಹೇಳಬಲ್ಲೆ.”

ನೋಲನ್ ತಲೆ ತಗ್ಗಿಸಿ ಕೂತಿದ್ದ. “ಯಾರು ನೀವು ಅಂತ ಕೇಳಿ ಬರೆದಿದ್ದೆ. ಉತ್ತರ ಬರಲಿಲ್ಲ. ಯಾರೋ ಹಳೇ ಫಲಕ ಬರೆಯೋರು ಇರಬೇಕು ಅಂದ್ಕೊಂಡೆ. ಆ ‘ಜಿ’ ನೋಡಿದ ಕೂಡಲೇ ಮಿಕ್ಕ ಇಪ್ಪತ್ತೈದೂ ಸುಳ್ಳು ಅಂತ ಕಾಣೋಕೆ ಶುರುವಾಯ್ತು. ಅದೊಂದನ್ನ ಹಾಕಿದೆ. ಮಿಕ್ಕಿದ್ದಕ್ಕೆ ಏನು ಮಾಡ್ಲಿ?” ಅವನು ಸೂಟ್‌ಕೇಸಿನ ಕಡೆ ನೋಡಿದ. “ಶುಕ್ರವಾರ ವೇದಿಕೆ ಮೇಲೆ ಹೋಗಿ ಏನು ಹೇಳ್ಲಿ?”

“ಶುಕ್ರವಾರದ ತನಕ ಯಾಕೆ ಕಾಯ್ತೀಯ? ಈಗಲೇ ಹೇಳು.”

ಆರ್ಡಿತ್ ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಓಟ್‌ಕೇಕಿನ ಪೊಟ್ಟಣ ಬಿಚ್ಚಿ ಅವನ ಮುಂದಿಟ್ಟಳು. ಅವನು ಒಂದು ತಿಂದ. ಆಮೇಲೆ ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡು ಬರೆಯತೊಡಗಿದ.

ನಾನು ಹಿಂದೆ ನಿಂತು ಓದಿದೆ. ‘ದೊಡ್ಡಕ್ಷರಗಳು ಟ್ಯಾನರ್ಸ್ ಕೋವಿನ ಡೆಲ್ಫಿನ್ ಸುರೆಟ್ ದೋಣಿಗಳ ಮೇಲೆ ಬರೆದಂಥವು. ನಾನು ಅವನ್ನು ನೋಡಿ ಬರೆದೆ. ಸಣ್ಣಕ್ಷರಗಳು ಯಂತ್ರ ಊಹಿಸಿದಂಥವು, ಒಂದು ‘ಜಿ’ ಬಿಟ್ಟು. ಎಲ್ಲವೂ ನನ್ನ ಕೈಯವೆಂದು ಹೇಳಿದ್ದು ಸುಳ್ಳು. ಕ್ಷಮೆ ಇರಲಿ.’

ಪ್ರಕಟಿಸುವ ಗುಂಡಿ ಒತ್ತುವ ಮುನ್ನ ಅವನು ಒಮ್ಮೆ ಹೊರಗೆ, ಕಿಟಕಿಯ ಕಡೆ ನೋಡಿದ. ಒತ್ತಿದ. ಒತ್ತಿ ಆದಮೇಲೆ ಅವನ ಭುಜ ಎರಡು ಅಂಗುಲ ಕೆಳಗಿಳಿದದ್ದನ್ನು ನಾನೇ ಕಂಡೆ.

“ಬಹುಮಾನ ಹೋಯ್ತು,” ಅಂದ. ಆಶ್ಚರ್ಯವೆಂದರೆ ನಗುತ್ತಿದ್ದ.

“ಹೋಗಲಿ ಬಿಡು. ಇನ್ನೊಂದು ಕೆಲಸ ಇದೆ. ‘ಹಳೇಕುಂಚ’ಕ್ಕೆ ಒಂದು ಪ್ರಶ್ನೆ ಬರಿ. ‘ಜಿ ಸರಿಹೋಯಿತು. ಸಣ್ಣ ವೈ ಹೇಗೆ ಬರೆಯಬೇಕು?’ ಅಷ್ಟೇ. ನೀವು ಯಾರು, ಎಲ್ಲಿದೀರಿ ಅಂತ ಕೇಳಬೇಡ.”

“ಯಾಕೆ?”

“ಯಾರು ಅಂತ ಕೇಳಿದ್ರೆ ಓಡಿಹೋಗೋ ಜನ ಇರ್ತಾರೆ. ಕೆಲಸ ಹೇಗೆ ಮಾಡೋದು ಅಂತ ಕೇಳಿದ್ರೆ ನಿಂತು ಹೇಳ್ತಾರೆ. ಈ ವೆಂಡೆಲ್‌ನ ಯಾವತ್ತಾದ್ರೂ ಶಾಯಿ ಬಗ್ಗೆ ಕೇಳಿ ನೋಡು, ಸಾಯಂಕಾಲದ ತನಕ ಬಿಡಲ್ಲ.”

ಇದರಲ್ಲಿ ನಾನು ಪ್ರತಿಭಟಿಸುವಂಥದ್ದೇನೂ ಇರಲಿಲ್ಲ.

* * *

ರೋಸಲಿಯ ಮನೆ ಬಂದರಿನ ಮೇಲಿನ ಏರಿನಲ್ಲಿದೆ. ಎಪ್ಪತ್ತೊಂಬತ್ತು ವರ್ಷದ ಹೆಂಗಸು, ಇನ್ನೂ ತಾನೇ ಸೌದೆ ಒಡೆಯುತ್ತಾಳೆ. ನಾವು ಹೋದಾಗ ಮಧ್ಯಾಹ್ನ ಮೂರು ಗಂಟೆ. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

“ಇಬ್ಬರೂ ಹಸಿದಿದೀರಿ, ಮುಖ ನೋಡಿದ್ರೆ ಗೊತ್ತಾಗುತ್ತೆ,” ಅಂದಳು. ನಾವು ಬೇಡವೆನ್ನುವ ಮೊದಲೇ ಮೀನಿನ ಚೌಡರ್ ಸಾರು ಬಿಸಿಗಿಟ್ಟಿದ್ದಳು. ಈ ಮನೆಗೆ ಬಂದು ಖಾಲಿ ಹೊಟ್ಟೆಯಲ್ಲಿ ಸುದ್ದಿ ಹೇಳಿದವರು ಇಲ್ಲ.

ಊಟ ಆಗುವ ತನಕ ಆರ್ಡಿತ್ ಕಾದಳು. ನಂತರ ನೋಲನ್ ಮುದ್ರಿಸಿಕೊಟ್ಟ ಫೋಟೋವನ್ನು ರೋಸಲಿಯ ಮುಂದೆ ಇಟ್ಟಳು.

“ಇದು ಈ ವರ್ಷ ಬರೆದದ್ದು, ರೋಸಲಿ. ಏಪ್ರಿಲ್‌ನಲ್ಲಿ.”

ರೋಸಲಿ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹಾಳೆಯನ್ನು ಎತ್ತಿಕೊಂಡಳು.  ಅಳಲಿಲ್ಲ. ಆ ಹಸಿರು ಅಕ್ಷರದ ಮೇಲೆ ಹೆಬ್ಬೆರಳನ್ನು ಬಲದಿಂದ ಎಡಕ್ಕೆ ಒಮ್ಮೆ ಎಳೆದಳು, ಮಗುವಿನ ಕೆನ್ನೆ ಸವರಿದಂತೆ.

“ಬಣ್ಣ ತೆಳು ಮಾಡಿದಾಳೆ,” ಅಂದಳು. “ಯಾವಾಗ್ಲೂ ಹಾಗೇ. ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ.”

“ಅವಳದೇ ಅಂತೀರಾ?” ಅಂದಳು ಆರ್ಡಿತ್.

“ನನ್ನ ತಂಗಿ ಕೈ ನನಗೆ ಗೊತ್ತಾಗಲ್ವಾ?” ಅವಳು ಹಾಳೆಯನ್ನು ಎದೆಗೆ ಹಿಡಿದು ಕಿಟಕಿಯ ಹತ್ತಿರ ಹೋದಳು. ಕೆಳಗೆ ಬಂದರಿನಲ್ಲಿ ನೀರು ಇಳಿಯುತ್ತಿತ್ತು. “ಅವಳಿಗೆ ಈಗ ಎಪ್ಪತ್ತೆರಡು. ನಮ್ಮಮ್ಮ ಎಪ್ಪತ್ತೆರಡಕ್ಕೆ ಪೂರ್ತಿ ಬೆಳ್ಳಗಾಗಿದ್ಲು. ಇವಳೂ ಬೆಳ್ಳಗಾಗಿರ್ತಾಳೆ.”

ಆ ಮುಖದ ಮೇಲಿದ್ದದ್ದು ಏನೆಂದು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಸಂತೋಷ ಇತ್ತು, ಅದರಲ್ಲಿ ಅನುಮಾನವಿಲ್ಲ. ಹಿಡಿದಿದ್ದ ಉಸಿರನ್ನು ಬಿಟ್ಟವಳ ಸಮಾಧಾನ ಇತ್ತು. ಇರಬೇಕಾಗಿದ್ದ ಒಂದು ಮಾತ್ರ ಇರಲಿಲ್ಲ. ಅವಳಿಗೆ ಆಶ್ಚರ್ಯವಾಗಿರಲಿಲ್ಲ.

ನಾನು ಆರ್ಡಿತ್ ಕಡೆ ನೋಡಿದೆ. ಅವಳು ಆಗಲೇ ಅದನ್ನು ಗಮನಿಸಿದ್ದಳು. ಚಮಚವನ್ನು ಬಟ್ಟಲಿನಲ್ಲಿ ಮೆಲ್ಲನೆ ಇಟ್ಟಳು.

“ರೋಸಲಿ,” ಅಂದಳು, “ಮೂರು ವಾರದ ಹಿಂದೆ ನೀವು ನಮ್ಮ ಹತ್ರ ಬಂದಾಗ ಏನು ಕೇಳಿದ್ರಿ, ನೆನಪಿದೆಯಾ? ‘ನನ್ನ ತಂಗಿಗೆ ಏನಾಯ್ತು’ ಅಂತ ಕೇಳಲಿಲ್ಲ. ‘ಈ ಅಕ್ಷರ ಎಲ್ಲಿಂದ ಬಂತು’ ಅಂತ ಕೇಳಿದ್ರಿ.”

“ಹೌದಾ? ಎರಡೂ ಒಂದೇ ಅಲ್ವಾ?”

“ಒಂದೇ ಅಲ್ಲ.”

ಆಗ ಆರ್ಡಿತ್‌ಳ ಫೋನ್ ಸದ್ದು ಮಾಡಿತು. ನೋಲನ್ ಕಳಿಸಿದ್ದ ಸಂದೇಶ. ‘ಉತ್ತರ ಬಂದಿದೆ’ ಎಂದಷ್ಟು ಬರೆದು, ಪುಟದ ಚಿತ್ರ ಲಗತ್ತಿಸಿದ್ದ.

ನಾನು ಎದ್ದು ಅವಳ ಭುಜದ ಹಿಂದೆ ನಿಂತೆ. ಮೊದಲು ಫೋಟೋ. ಅದೇ ಬಗೆಯ ತೆಳು ಮರದ ಹಲಗೆ, ಅದೇ ಹಸಿರು. ಸಣ್ಣ ‘ವೈ’, ಬಾಲ ಎಡಕ್ಕೆ ಹಾರಿ ನಿಂತಿತ್ತು. ಬಹಳ ಚೆಂದ ಇತ್ತು. ಕೆಳಗೆ ನಾಲ್ಕು ಸಾಲು.

ಆರ್ಡಿತ್ ಅವನ್ನು ಮನಸ್ಸಿನಲ್ಲೇ ಓದಿಕೊಂಡಳು. ಫೋನ್ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು.

“ಏನು ಬರೆದಿದಾಳೆ?” ಅಂದಳು ರೋಸಲಿ, ಕಿಟಕಿಯ ಕಡೆಯಿಂದ ತಿರುಗದೆ.

“ಓದ್ತೀನಿ.” ಆರ್ಡಿತ್ ಫೋನನ್ನು ಬೆಳಕಿಗೆ ಹಿಡಿದಳು. “‘ವೈ ಹೀಗೆ. ಪುಟದಲ್ಲಿ ನನ್ನ ಹೆಸರು ಹಾಕಿದ್ದು ಕಂಡೆ. ಹಾಗಾದರೆ ನಿಮ್ಮ ಕೈಲಿ ಇದನ್ನು ಕೇಳಿಸುತ್ತಿರುವುದು ರೋಸಲಿ. ಎಂದೂ ಹುಡುಕುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಆ ದಿನ ದೋಣಿಗೆ ಹುಟ್ಟು ಹಾಕುತ್ತಾ ಹಾಕುತ್ತಾ ಕೊಟ್ಟ ಮಾತು, ಮರೆತಿದ್ದಾಳೆಯೇ ಕೇಳಿ.’”

ಆರ್ಡಿತ್ ಫೋನನ್ನು ಮೇಜಿನ ಮೇಲಿಟ್ಟಳು.

ಡೆಲ್ಫಿನ್ ಒಬ್ಬಳೇ ಹೋದಳು ಎಂದು ಮೂವತ್ತೊಂದು ವರ್ಷ ಊರೆಲ್ಲ ನಂಬಿದೆ. ಪೊಲೀಸರ ಕಾಗದದಲ್ಲೂ ಹಾಗೇ ಇದೆ. ಹಾಗೆಂದು ಹೇಳಿಕೆ ಕೊಟ್ಟವಳೇ ರೋಸಲಿ.

“ಹುಟ್ಟು ಹಾಕಿದ್ದು ನೀವಾ?” ಅಂತ ಕೇಳಿದಳು ಆರ್ಡಿತ್. ದನಿಯಲ್ಲಿ ಸಿಟ್ಟಿರಲಿಲ್ಲ.

ರೋಸಲಿ ಬಂದು ಮೇಜಿನ ಮುಂದೆ ಕೂತಳು. ಫೋಟೋವನ್ನು ಮೇಜಿನ ಮೇಲೆ ಇಟ್ಟು, ಸುಕ್ಕಾಗಿದ್ದ ಅಂಚನ್ನು ಅಂಗೈಯಿಂದ ನೆಟ್ಟಗೆ ಮಾಡಿದಳು.

“ನಾನೇ,” ಅಂದಳು. “ಅವಳನ್ನ ಆ ಕಡೆ ದಡಕ್ಕೆ ಬಿಟ್ಟು, ದೋಣೀನ ಹರಿಯೋ ನೀರಿಗೆ ತಳ್ಳಿ, ಕಾಡುದಾರೀಲಿ ನಡಕೊಂಡು ವಾಪಸ್ ಬಂದೆ. ಊರಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ಮಾತು ಮರೆತಿಲ್ಲ. ಬದುಕಿದಾಳಾ ಅಂತ ಒಂದು ಸಲ ತಿಳೀಬೇಕಿತ್ತು, ಅಷ್ಟೆ. ತಿಳೀತು. ಇನ್ನು ನನಗೆ ನೆಮ್ಮದಿ.”

“ಅಂದ್ರೆ ನೀವಿಬ್ಬರೇ ಸೇರಿ ಇಷ್ಟೆಲ್ಲ—” ಅಂತ ನಾನು ಶುರುಮಾಡಿದೆ.

“ಇಬ್ಬರೇ ಅಂತ ಯಾರು ಹೇಳಿದ್ರು?” ರೋಸಲಿ ತಲೆಯೆತ್ತಿ, ಕಿಟಕಿಯಾಚೆ ಬರ್ಟನ್‌ನ ಕೊಟ್ಟಿಗೆಯ ಕಡೆ ಒಮ್ಮೆ ನೋಡಿ, ನಮ್ಮಿಬ್ಬರತ್ತ ತಿರುಗಿದಳು. “ದೋಣೀಲಿ ನಾವು ಮೂರು ಜನ ಇದ್ವಿ.”